ಆಡಳಿತ ವೆಚ್ಚ ಕಡಿಮೆಯಿದ್ದರೆ ಸಾಕೇ? ದಾನಕ್ಕೆ ಮುನ್ನ ಸೇವಾ ಸಂಸ್ಥೆಯನ್ನು ಅಳೆಯುವ ಬಗೆ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ತೀರಿಕೊಂಡ ನಮ್ಮ ಯಜಮಾನರ ಹೆಸರಿನಲ್ಲಿ ಪ್ರತಿವರ್ಷ ಒಂದು ಲಕ್ಷ ರೂಪಾಯಿಯನ್ನು ಹಳ್ಳಿಯ ಬಡಮಕ್ಕಳ ಓದಿಗಾಗಿ ಕೊಡಬೇಕೆಂದಿದ್ದೇನೆ. ಎರಡು ಸಂಸ್ಥೆಗಳನ್ನು ನೋಡಿಟ್ಟಿದ್ದೇನೆ. ಒಂದು ಸಂಸ್ಥೆ ಸರ್ಕಾರಿ ಶಾಲೆಯ ಮಕ್ಕಳಿಗೆ ಚೀಲ, ನೋಟ್‌ಬುಕ್, ಸಮವಸ್ತ್ರ ಹಂಚುತ್ತದೆ; ನೂರು ರೂಪಾಯಿಯಲ್ಲಿ 96 ರೂಪಾಯಿ ಮಕ್ಕಳಿಗೇ ತಲುಪುತ್ತದೆ ಎನ್ನುತ್ತದೆ. ಇನ್ನೊಂದು, ಓದು ಬರಹದಲ್ಲಿ ಹಿಂದುಳಿದ ಮಕ್ಕಳಿಗೆ ಸಂಜೆ ಕಲಿಕಾ ಕೇಂದ್ರ ನಡೆಸುತ್ತದೆ. ಅದರ ವರದಿಯಲ್ಲಿ ಆಡಳಿತ ವೆಚ್ಚ ಶೇಕಡಾ 23 ಎಂದಿದೆ. ಅಮೆರಿಕದಲ್ಲಿರುವ ನನ್ನ ಮಗ ತಾನೂ ಹಣ ಸೇರಿಸುತ್ತೇನೆ, ಆದರೆ ಮೊದಲನೆಯದಕ್ಕೇ ಕೊಡೋಣ ಎನ್ನುತ್ತಾನೆ. ಆಡಳಿತ ವೆಚ್ಚವನ್ನು ಬಿಟ್ಟು ಬೇರೆ ಯಾವುದನ್ನು ನೋಡಿ ನಿರ್ಧರಿಸಬೇಕು?

ಉತ್ತರ: ಶೇಕಡಾ 4 ಮತ್ತು ಶೇಕಡಾ 23 ಎಂಬ ಈ ಎರಡು ಅಂಕಿಗಳಿಂದ ಯಾವ ಸಂಸ್ಥೆ ಮೇಲು ಎಂದು ಹೇಳಲು ಬರುವುದಿಲ್ಲ. ಹಣವನ್ನು ಯಾವ ಲೆಕ್ಕಶೀರ್ಷಿಕೆಯ ಕೆಳಗೆ ಬರೆಯಲಾಯಿತು ಎಂಬುದನ್ನಷ್ಟೇ ಅವು ಹೇಳುತ್ತವೆ. ಆ ಹಣದಿಂದ ಒಂದು ಮಗು ಓದಲು ಕಲಿಯಿತೇ, ಆ ಸಂಸ್ಥೆ ಇಲ್ಲದಿದ್ದರೂ ಕಲಿಯುತ್ತಿತ್ತೇ, ಕಲಿತದ್ದಕ್ಕೆ ತಗಲಿದ ಖರ್ಚೆಷ್ಟು ಎಂಬ ಪ್ರಶ್ನೆಗಳಿಗೆ ಅವುಗಳಲ್ಲಿ ಉತ್ತರವಿಲ್ಲ. ನಿಮ್ಮ ದುಡ್ಡು ಪೋಲಾಗಬಾರದೆಂಬ ಮಗನ ಕಾಳಜಿ ನ್ಯಾಯವಾದದ್ದೇ. ಆದರೆ ದುಡ್ಡು ಪೋಲಾಗುವುದು ಕಚೇರಿಯ ಖರ್ಚಿನಲ್ಲಿ ಮಾತ್ರವಲ್ಲ. ಪೂರ್ತಿಯಾಗಿ ಮಕ್ಕಳಿಗೇ ತಲುಪಿಯೂ ಪೋಲಾಗಬಹುದು.

ಸೇವಾ ಸಂಸ್ಥೆಗಳ ಲೆಕ್ಕಪತ್ರಗಳನ್ನು ನೋಡುವುದೇ ನನ್ನ ವೃತ್ತಿಯಾದ್ದರಿಂದ, ಈ ಶೇಕಡಾವಾರು ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ತಿಂಗಳಿಗೆ 25,000 ರೂಪಾಯಿ ಸಂಬಳದ ಒಬ್ಬ ಕ್ಷೇತ್ರ ಸಂಯೋಜಕಿಯನ್ನು ಊಹಿಸಿಕೊಳ್ಳಿ. ವಾರದಲ್ಲಿ ಮೂರು ದಿನ ಆಕೆ ಹಳ್ಳಿಯ ಕೇಂದ್ರಗಳಿಗೆ ಹೋಗಿ ಪಾಠ ನೋಡುತ್ತಾಳೆ, ಎರಡು ದಿನ ಕಚೇರಿಯಲ್ಲಿ ಕುಳಿತು ಹಾಜರಿ ಕ್ರೋಡೀಕರಿಸಿ ವರದಿ ಬರೆಯುತ್ತಾಳೆ. ಒಂದು ಸಂಸ್ಥೆ ಆಕೆಯ ಇಡೀ ಸಂಬಳವನ್ನು ಕಾರ್ಯಕ್ರಮ ವೆಚ್ಚದಲ್ಲಿ ತೋರಿಸುತ್ತದೆ. ಇನ್ನೊಂದು ಸಂಸ್ಥೆ ದಿನಗಳ ಲೆಕ್ಕದಲ್ಲಿ ಹಂಚಿ 15,000 ರೂಪಾಯಿಯನ್ನು ಕಾರ್ಯಕ್ರಮಕ್ಕೂ 10,000 ರೂಪಾಯಿಯನ್ನು ಆಡಳಿತಕ್ಕೂ ಬರೆಯುತ್ತದೆ. ಹೆಂಗಸು ಒಬ್ಬಳೇ, ಕೆಲಸವೂ ಅದೇ; ಆದರೂ ಎರಡನೆಯ ಸಂಸ್ಥೆ ದುಂದುಗಾರನಂತೆ ಕಾಣುತ್ತದೆ. ಲೆಕ್ಕ ಹೆಚ್ಚು ಪ್ರಾಮಾಣಿಕವಾದಷ್ಟೂ ಆಡಳಿತ ವೆಚ್ಚ ಹೆಚ್ಚಿ ಕಾಣುವ ಈ ವೈಪರೀತ್ಯವನ್ನು ದಾನಿಗಳು ಅರಿತಿರಬೇಕು.

ಕಾನೂನುಗಳೂ ಇಲ್ಲಿ ಒಂದೇ ಭಾಷೆಯನ್ನು ಆಡುವುದಿಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯು 2010ರಲ್ಲಿ ವಿದೇಶಿ ವಂತಿಗೆಯ ಶೇಕಡಾ 50ರವರೆಗೆ ಆಡಳಿತಕ್ಕೆ ಬಳಸಲು ಅವಕಾಶ ಕೊಟ್ಟಿತ್ತು. 2020ರ ತಿದ್ದುಪಡಿ ಅದನ್ನು ಶೇಕಡಾ 20ಕ್ಕೆ ಇಳಿಸಿತು. ಆ ಕಾಯಿದೆಯ ನಿಯಮಗಳ ಪ್ರಕಾರ ಕಚೇರಿ ಬಾಡಿಗೆ, ವಿದ್ಯುತ್, ವಾಹನ, ವರದಿ ಬರೆಯುವ ಖರ್ಚು, ವಕೀಲರ ಶುಲ್ಕ ಎಲ್ಲವೂ ಆಡಳಿತ ವೆಚ್ಚವೇ. ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳದಂಥ, ಸಂಸ್ಥೆಯ ಉದ್ದೇಶಕ್ಕೇ ನೇರವಾಗಿ ಆಗುವ ಖರ್ಚು ಅದರಿಂದ ಹೊರಗೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ನಿಯಮಗಳಲ್ಲಿ ಬರುವ ಶೇಕಡಾ 5ರ ಮಿತಿಯ ಕಥೆಯೇ ಬೇರೆ. ಅದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಖರ್ಚಿಗೆ ಹಾಕಿದ ಮಿತಿ. ನಿರ್ದಿಷ್ಟ ಯೋಜನೆಯ ರೂಪಣೆ, ಅನುಷ್ಠಾನ, ಮೇಲ್ವಿಚಾರಣೆಯ ಖರ್ಚು ಅದರಲ್ಲಿ ಸೇರುವುದಿಲ್ಲ. ಹಾಗಿದ್ದೂ ಅದೇ ಮಿತಿಯನ್ನು ಸಂಸ್ಥೆಗಳ ಕೊರಳಿಗೆ ಕಟ್ಟುವ ಕಂಪನಿಗಳಿವೆ. ಹೀಗಾಗಿ ಒಂದೇ ಸಂಸ್ಥೆಗೆ, ಒಂದೇ ವರ್ಷದಲ್ಲಿ, ಯಾರಿಗೆ ಲೆಕ್ಕ ಕೊಡುತ್ತಿದೆ ಎಂಬುದರ ಮೇಲೆ ಮೂರು ಬೇರೆ ಬೇರೆ ಶೇಕಡಾವಾರು ಬರಬಹುದು. ಮೂರೂ ಸುಳ್ಳಲ್ಲ.

ಇನ್ನು ನೂರಕ್ಕೆ ನೂರೂ ಫಲಾನುಭವಿಗೇ ತಲುಪುತ್ತದೆ ಎನ್ನುವ ಸಂಸ್ಥೆಗಳಿವೆ. ಆಡಳಿತ ಖರ್ಚಿಲ್ಲದೆ ಕೆಲಸ ನಡೆಯುವುದಿಲ್ಲವಾದ್ದರಿಂದ, ಅಲ್ಲಿ ಆ ಖರ್ಚನ್ನು ಬೇರೊಬ್ಬರು ಹೊತ್ತಿರುತ್ತಾರೆ. ಧರ್ಮದರ್ಶಿಯೊಬ್ಬರ ಸ್ವಂತ ವ್ಯವಹಾರವೋ, ಇನ್ನೊಬ್ಬ ದೊಡ್ಡ ದಾನಿಯೋ ಬಾಡಿಗೆಯನ್ನೂ ಗುಮಾಸ್ತರ ಸಂಬಳವನ್ನೂ ಕೊಡುತ್ತಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ದಕ್ಷತೆಯ ಪುರಾವೆಯೂ ಅಲ್ಲ.

ಈ ಅಳತೆಗೋಲನ್ನು ಜನರ ಕೈಗೆ ಕೊಟ್ಟವರೇ ಅದರ ಮಿತಿಯನ್ನು ಒಪ್ಪಿಕೊಂಡದ್ದೂ ಉಂಟು. ಅಮೆರಿಕದಲ್ಲಿ ದಾನಿಗಳಿಗೆ ಮಾಹಿತಿ ಒದಗಿಸುವ ಗೈಡ್‌ಸ್ಟಾರ್, ಚಾರಿಟಿ ನ್ಯಾವಿಗೇಟರ್ ಮತ್ತು ಬಿಬಿಬಿ ವೈಸ್ ಗಿವಿಂಗ್ ಅಲಯನ್ಸ್ ಎಂಬ ಮೂರು ಸಂಸ್ಥೆಗಳು 2013ರಲ್ಲಿ ಒಟ್ಟಾಗಿ ಬಹಿರಂಗ ಪತ್ರ ಬರೆದು, ಆಡಳಿತ ವೆಚ್ಚದ ಪ್ರಮಾಣವೊಂದರಿಂದಲೇ ಸೇವಾ ಸಂಸ್ಥೆಯ ಯೋಗ್ಯತೆಯನ್ನು ತೀರ್ಮಾನಿಸಬೇಡಿ ಎಂದು ದಾನಿಗಳನ್ನು ಕೇಳಿಕೊಂಡವು. ಅದಕ್ಕೆ ಕಾರಣವಿತ್ತು. ದಾನಿಗಳು ಕಡಿಮೆ ಖರ್ಚನ್ನು ಹೊಗಳುತ್ತಾರೆ; ಸಂಸ್ಥೆಗಳು ಹೊಗಳಿಕೆಗಾಗಿ ಲೆಕ್ಕಿಗರನ್ನು, ತರಬೇತಿಯನ್ನು, ಮೇಲ್ವಿಚಾರಣೆಯನ್ನು ಕಡಿತಗೊಳಿಸುತ್ತವೆ, ಕಡಿತಗೊಳಿಸಲಾಗದ್ದನ್ನು ಕಾರ್ಯಕ್ರಮದ ಖಾತೆಗೆ ತಳ್ಳುತ್ತವೆ; ಅದನ್ನು ನೋಡಿದ ದಾನಿಗಳು ಇಷ್ಟರಲ್ಲೇ ನಡೆಯುತ್ತದೆಂದು ನಂಬಿ ಮುಂದಿನ ವರ್ಷ ಇನ್ನೂ ಕಡಿಮೆ ನಿರೀಕ್ಷಿಸುತ್ತಾರೆ. ಹಳ್ಳಿಯ ಕೇಂದ್ರ ನಡೆಸುವ ಹುಡುಗಿ ಇದರಲ್ಲಿ ಜೀವನಕ್ಕೆ ಸಾಲದ ಸಂಬಳಕ್ಕೆ ದುಡಿದು, ಇನ್ನೆರಡು ಸಾವಿರ ಹೆಚ್ಚು ಸಿಗುವ ಕಡೆಗೆ ಹೊರಟುಹೋಗುತ್ತಾಳೆ, ಮಕ್ಕಳು ವರ್ಷದ ನಡುವೆ ಹೊಸ ಮುಖಕ್ಕೆ ಒಗ್ಗಿಕೊಳ್ಳಬೇಕಾಗುತ್ತದೆ. ಬಡವರ ಕೆಲಸ ಮಾಡುವವರು ತಾವೂ ಬಡವರಾಗಿಯೇ ಇರಬೇಕೆಂದು ಬಯಸುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಹಾಗಾದರೆ ನೋಡಬೇಕಾದದ್ದು ಏನನ್ನು? ನಿಮ್ಮ ಕ್ಷೇತ್ರ ಶಿಕ್ಷಣವಾದ್ದರಿಂದ, ಶಿಕ್ಷಣದಲ್ಲೇ ನಡೆದ ಎರಡು ಪರೀಕ್ಷೆಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1990ರ ದಶಕದ ಉತ್ತರಾರ್ಧದಲ್ಲಿ ಪಶ್ಚಿಮ ಕೆನ್ಯಾದ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಒಂದು ಸೇವಾ ಸಂಸ್ಥೆ ಪಠ್ಯಪುಸ್ತಕಗಳನ್ನು ಉಚಿತವಾಗಿ ಕೊಟ್ಟಿತು. ಪುಸ್ತಕವೇ ಇಲ್ಲದ ಮಕ್ಕಳಿಗೆ ಪುಸ್ತಕ ಕೊಡುವುದಕ್ಕಿಂತ ನೇರವಾದ ಸಹಾಯ ಯಾವುದಿದ್ದೀತು? ಆದರೆ ಯಾವ ಶಾಲೆಗೆ ಮೊದಲು ಕೊಡಬೇಕೆಂಬುದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ ಆಯ್ದಿದ್ದರಿಂದ, ಪುಸ್ತಕ ಸಿಕ್ಕ ಶಾಲೆಗಳನ್ನು ಸಿಗದ ಶಾಲೆಗಳೊಂದಿಗೆ ಹೋಲಿಸಲು ಸಾಧ್ಯವಾಯಿತು. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಕಂಡುಕೊಂಡಂತೆ, ಮಕ್ಕಳ ಸರಾಸರಿ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಆಗಲಿಲ್ಲ. ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕಗಳು ಇಂಗ್ಲಿಷಿನಲ್ಲಿದ್ದವು; ಅಲ್ಲಿನ ಬಹುಪಾಲು ಮಕ್ಕಳಿಗೆ ಅದು ಮೂರನೆಯ ಭಾಷೆ, ಎಷ್ಟೋ ಮಕ್ಕಳು ಆ ಪುಸ್ತಕವನ್ನು ಓದಲಾರದ ಸ್ಥಿತಿಯಲ್ಲಿದ್ದರು. ಪ್ರತಿ ಪೈಸೆಯೂ ಪುಸ್ತಕದ ರೂಪದಲ್ಲಿ ಮಗುವಿನ ಕೈ ಸೇರಿದರೂ ಬಹುತೇಕರ ಕಲಿಕೆ ಇದ್ದಲ್ಲೇ ಉಳಿಯಿತು. ಆಡಳಿತ ವೆಚ್ಚದ ಅಂಕಿ ಎಷ್ಟೇ ಕಡಿಮೆಯಿದ್ದರೂ ಈ ಸಂಗತಿಯನ್ನು ತಿಳಿಸುತ್ತಿರಲಿಲ್ಲ.

ಎರಡನೆಯದು ನಮ್ಮ ದೇಶದ್ದೇ. ಪ್ರಥಮ್ ಸಂಸ್ಥೆಯು ಮುಂಬೈ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ ಮೂರು ಮತ್ತು ನಾಲ್ಕನೇ ತರಗತಿಯ ಹಿಂದುಳಿದ ಮಕ್ಕಳಿಗಾಗಿ ಬಾಲಸಖಿ ಎಂಬ ಕಾರ್ಯಕ್ರಮ ನಡೆಸಿತು. ಅದೇ ಬಡಾವಣೆಯ ಯುವತಿಯೊಬ್ಬಳು ಶಾಲೆಯ ವೇಳೆಯಲ್ಲೇ ದಿನಕ್ಕೆ ಸುಮಾರು ಎರಡು ಗಂಟೆ ಹದಿನೈದಿಪ್ಪತ್ತು ಮಕ್ಕಳನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ತರಗತಿಯ ಪಾಠವನ್ನು ಬದಿಗಿಟ್ಟು, ಮಗುವಿಗೆ ಬಾರದ ಮೂಲ ಓದು ಮತ್ತು ಲೆಕ್ಕವನ್ನು ಕಲಿಸುತ್ತಿದ್ದಳು. 2001ರಿಂದ 2003ರವರೆಗಿನ ಅಧ್ಯಯನದಲ್ಲಿ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು, ಅದೂ ತೀರಾ ಹಿಂದಿದ್ದ ಮಕ್ಕಳಲ್ಲೇ ಹೆಚ್ಚು. ಅದೇ ಅಧ್ಯಯನದಲ್ಲಿ ವಡೋದರಾದ ಕಂಪ್ಯೂಟರ್ ಆಧಾರಿತ ಗಣಿತ ಕಾರ್ಯಕ್ರಮವನ್ನೂ ಪರೀಕ್ಷಿಸಲಾಗಿತ್ತು. ಗಣಿತದ ಅಂಕಗಳನ್ನು ಅದು ಬಾಲಸಖಿಗಿಂತಲೂ ಹೆಚ್ಚು ಏರಿಸಿತು. ಆದರೆ ಒಂದು ಮಗುವಿಗೆ ವರ್ಷಕ್ಕೆ ಬಾಲಸಖಿಯ ವೆಚ್ಚ ಸುಮಾರು 2.25 ಡಾಲರ್ ಆಗಿದ್ದರೆ ಕಂಪ್ಯೂಟರಿನದು 15 ಡಾಲರಿಗೂ ಮೇಲೆ. ಆದ್ದರಿಂದ ಕೊಟ್ಟ ಹಣಕ್ಕೆ ಸಿಕ್ಕ ಕಲಿಕೆಯಲ್ಲಿ ಬಾಲಸಖಿಯೇ ಮುಂದಿತ್ತು. ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೆ ನೋಡಿದಾಗ ಲಾಭದ ಹೆಚ್ಚಿನ ಪಾಲು ಕರಗಿತ್ತು ಎಂಬುದನ್ನೂ ಸಂಶೋಧಕರು ಮುಚ್ಚಿಡದೆ ಬರೆದಿದ್ದಾರೆ. ಹೋಲಿಕೆಗೆ ಸಿಗುವ ಗುಂಪು, ಫಲಿತಾಂಶದ ಅಳತೆ, ತಲಾ ವೆಚ್ಚ, ಲಾಭ ಎಷ್ಟು ಕಾಲ ಉಳಿಯಿತೆಂಬ ವಿಚಾರಣೆ, ಈ ನಾಲ್ಕೂ ಒಂದೇ ಕಡೆ ಇದ್ದುದರಿಂದಲೇ ಇಂಥ ಮಾತನ್ನು ಧೈರ್ಯವಾಗಿ ಆಡಲು ಸಾಧ್ಯವಾಯಿತು.

ಈಗ ನಿಮ್ಮ ಎರಡು ಸಂಸ್ಥೆಗಳಿಗೆ ಬರೋಣ. ಮೊದಲನೆಯದು ಸರ್ಕಾರಿ ಶಾಲೆಯ ಮಕ್ಕಳಿಗೆ ಸಮವಸ್ತ್ರ ಕೊಡುತ್ತದೆ ಎಂದಿದ್ದೀರಿ. ನಮ್ಮ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಮತ್ತು ಸಮವಸ್ತ್ರವನ್ನು ವಿದ್ಯಾವಿಕಾಸ ಯೋಜನೆಯಡಿ ಸರ್ಕಾರವೇ ಉಚಿತವಾಗಿ ಕೊಡುತ್ತದೆಂಬುದು ಶಿಕ್ಷಕಿಯಾಗಿದ್ದ ನಿಮಗೆ ನಾನು ಹೇಳಬೇಕಾಗಿಲ್ಲ. ಹಾಗಿರುವಾಗ ಸಂಸ್ಥೆ ಕೊಡುವ ಇನ್ನೊಂದು ಜೊತೆಯಿಂದ ಮಗುವಿನ ಓದಿನಲ್ಲಿ ಏನು ಬದಲಾಯಿತು? ಸರ್ಕಾರದ ಬಟ್ಟೆ ತಡವಾಗಿ ಬರುವ ಊರುಗಳಲ್ಲಿ, ಒಂದೇ ಜೊತೆಯನ್ನು ಒಗೆದು ಒಣಗಿಸಲಾಗದೆ ಮಳೆಗಾಲದಲ್ಲಿ ಮಕ್ಕಳು ಶಾಲೆ ತಪ್ಪಿಸುವ ಕಡೆಗಳಲ್ಲಿ ಅದು ನಿಜವಾಗಿ ಉಪಯೋಗಕ್ಕೆ ಬರಬಹುದು. ನೋಟ್‌ಬುಕ್ಕಿನ ಖರ್ಚು ಕೂಲಿಯವರ ಮನೆಗೆ ಹೊರೆಯೇ ಹೌದು. ಅಂಥ ಕಾರಣವನ್ನು ಸಂಸ್ಥೆ ಊರು ಮತ್ತು ಹಾಜರಿಯ ವಿವರದೊಂದಿಗೆ ತೋರಿಸಿದರೆ ಅದರ ಕೆಲಸಕ್ಕೆ ಬೆಲೆಯಿದೆ. ಹಂಚಿದ ಚೀಲಗಳ ಸಂಖ್ಯೆ ಮತ್ತು ವೇದಿಕೆಯ ಮೇಲಿನ ಫೋಟೋ ಬಿಟ್ಟು ಬೇರೇನೂ ತೋರಿಸಲಾಗದಿದ್ದರೆ, ಆ ಶೇಕಡಾ 96ರಿಂದ ಆದದ್ದೇನು ಎಂದು ಕೇಳುವ ಹಕ್ಕು ನಿಮಗಿದೆ.

ಎರಡನೆಯ ಸಂಸ್ಥೆಯ ಶೇಕಡಾ 23ರ ಒಳಗೆ ಏನಿದೆ ಎಂದು ಬಿಡಿಸಿ ಕೇಳಿ. ಲೆಕ್ಕ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ಅದರ ವಾರ್ಷಿಕ ಖರ್ಚು 12 ಲಕ್ಷ ರೂಪಾಯಿ, ಕೇಂದ್ರಗಳಿಗೆ ಬರುವ ಮಕ್ಕಳು 400 ಎಂದಿಟ್ಟುಕೊಳ್ಳೋಣ. ವರ್ಷದ ಕೊನೆಗೆ 180 ಮಕ್ಕಳು ಹೊಸದಾಗಿ ಓದಲು ಕಲಿತರು. ಕೇಂದ್ರವಿಲ್ಲದ ಪಕ್ಕದ ಊರುಗಳನ್ನು ನೋಡಿದರೆ ಇವರಲ್ಲಿ 60 ಮಕ್ಕಳು ಶಾಲೆಯ ಪಾಠದಿಂದಲೇ ಕಲಿಯುತ್ತಿದ್ದರು ಎನಿಸುತ್ತದೆ. ಹಾಗಾದರೆ ಸಂಸ್ಥೆಯಿಂದಾದ ನಿಜವಾದ ಲಾಭ 120 ಮಕ್ಕಳು, ಒಬ್ಬರಿಗೆ 10,000 ರೂಪಾಯಿ. ಈಗ ದಾನಿಗಳ ಒತ್ತಾಯಕ್ಕೆ ಮಣಿದು ಮೇಲ್ವಿಚಾರಕಿಯನ್ನೂ ಕಲಿಕೆಯ ಪರೀಕ್ಷೆಗಳನ್ನೂ ಕೈಬಿಟ್ಟು 1,56,000 ರೂಪಾಯಿ ಉಳಿಸಿತು ಎನ್ನಿ. ಆಡಳಿತ ವೆಚ್ಚ ಶೇಕಡಾ 23ರಿಂದ ಸುಮಾರು 11.5ಕ್ಕೆ ಇಳಿಯುತ್ತದೆ. ಆದರೆ ಯಾರೂ ಬಂದು ನೋಡದ ಕೇಂದ್ರಗಳು ಸಡಿಲಾಗಿ ಲಾಭ 60 ಮಕ್ಕಳಿಗೆ ಕುಸಿದರೆ ಒಬ್ಬರ ಕಲಿಕೆಗೆ 17,400 ರೂಪಾಯಿ ತಗಲಿದಂತಾಯಿತು. ವರದಿಯಲ್ಲಿ ಸಂಸ್ಥೆ ಸುಧಾರಿಸಿದಂತೆ ಕಾಣುತ್ತದೆ, ಊರಿನಲ್ಲಿ ಕೆಲಸ ಕೆಟ್ಟಿರುತ್ತದೆ. ಮುಖ್ಯೋಪಾಧ್ಯಾಯರ ಕೊಠಡಿಗೂ ಗುಮಾಸ್ತರಿಗೂ ಎಷ್ಟು ಖರ್ಚಾಯಿತೆಂದು ನೋಡಿ ನೀವು ಒಂದು ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಊಹಿಸುತ್ತಿರಲಿಲ್ಲ, ಇಲ್ಲೂ ಹಾಗೆಯೇ.

ಫಲಿತಾಂಶ ತಿಳಿಯಲು ದೊಡ್ಡ ಸಂಶೋಧನೆಯೇ ಬೇಕೆಂದಿಲ್ಲ. ಸಂಸ್ಥೆಯ ಕಲಿಕಾ ದಾಖಲೆಯ ಒಂದು ಪುಟವನ್ನು ನೋಡಲು ಕೇಳಿ. ಮಗು ಅಕ್ಷರ ಗುರುತಿಸುತ್ತದೆಯೇ, ಪದ ಓದುತ್ತದೆಯೇ, ಒಂದನೇ ತರಗತಿ ಮಟ್ಟದ ನಾಲ್ಕು ವಾಕ್ಯ ಓದುತ್ತದೆಯೇ, ಎರಡನೇ ತರಗತಿ ಮಟ್ಟದ ಕಥೆ ಓದುತ್ತದೆಯೇ ಎಂದು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸುವ ಸರಳ ಕ್ರಮ ಹಳ್ಳಿಯ ಮಕ್ಕಳ ಕಲಿಕೆಯನ್ನು ಅಳೆಯಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಿಂದಾಗಿ ದೇಶದೆಲ್ಲೆಡೆ ಬಳಕೆಯಲ್ಲಿದೆ. ಪ್ರತಿ ಮಗುವಿನ ಹೆಸರಿನ ಮುಂದೆ ಜೂನ್‌ನಲ್ಲಿ ಯಾವ ಮೆಟ್ಟಿಲು, ಫೆಬ್ರವರಿಯಲ್ಲಿ ಯಾವ ಮೆಟ್ಟಿಲು ಎಂದು ಬರೆದಿದ್ದರೆ, ನಡುವೆ ಕೇಂದ್ರ ಬಿಟ್ಟುಹೋದ ಮಕ್ಕಳ ಹೆಸರನ್ನೂ ಅಳಿಸದೆ ಉಳಿಸಿದ್ದರೆ, ಆ ಸಂಸ್ಥೆ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಿದೆ ಎಂದು ತಿಳಿಯಬಹುದು. ಎಲ್ಲ ಮಕ್ಕಳೂ ಮೇಲಿನ ಮೆಟ್ಟಿಲಿಗೆ ಏರಿದ ದಾಖಲೆ ಕಂಡರೆ ನಾನಂತೂ ಅನುಮಾನಿಸುತ್ತೇನೆ. ಯಾವುದು ಕೈಗೂಡಲಿಲ್ಲ, ಅದರಿಂದ ಯಾವ ಪದ್ಧತಿಯನ್ನು ಬದಲಿಸಿದಿರಿ ಎಂಬ ಪ್ರಶ್ನೆಗೆ ತಡಬಡಾಯಿಸದೆ ಉತ್ತರಿಸುವ ಕಾರ್ಯದರ್ಶಿ, ಹೊಳಪು ಕಾಗದದ ವರದಿಗಿಂತ ಹೆಚ್ಚು ವಿಶ್ವಾಸಕ್ಕೆ ಅರ್ಹರು.

ಎಲ್ಲವನ್ನೂ ತಲಾ ವೆಚ್ಚದಲ್ಲಿ ಅಳೆಯಲಾಗದು ಎಂಬುದನ್ನೂ ಇಲ್ಲಿ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯ ಅರಣ್ಯ ಹಕ್ಕುಗಳು ದೊರೆತದ್ದು 2011ರಲ್ಲಿ, ಅದೂ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಇಂಥ ಕೆಲಸಕ್ಕೆ ನಿಲ್ಲುವ ಸಂಸ್ಥೆಗಳ ಖರ್ಚು ಎಂದರೆ ಪೋಡಿನಿಂದ ಪೋಡಿಗೆ (ಪೋಡು ಎಂದರೆ ಸೋಲಿಗರ ಹಾಡಿ) ಓಡಾಟ, ಸಭೆ, ನಕ್ಷೆ, ಅರ್ಜಿ, ಕಾನೂನು ಸಲಹೆ. ಹಂಚುವ ವಸ್ತು ಒಂದೂ ಇಲ್ಲ. ಶೇಕಡಾವಾರಿನ ಕಣ್ಣಿಗೆ ಇದೆಲ್ಲವೂ ಆಡಳಿತದಂತೆ ಕಂಡೀತು. ವರ್ಷಗಟ್ಟಲೆ ಏನೂ ಆಗದೆ ಒಮ್ಮೆಲೇ ದೊಡ್ಡದೊಂದು ಸಾಧ್ಯವಾಗುವ ಕೆಲಸವನ್ನು ಆಯಾ ವರ್ಷದ ತಲಾ ವೆಚ್ಚದಲ್ಲಿ ತೂಗಿದರೂ ಅನ್ಯಾಯವೇ. ಅಲ್ಲಿ ಕೇಳಬೇಕಾದದ್ದು ಆ ಜನ ಸಂಸ್ಥೆಯ ಬಗ್ಗೆ ಏನೆನ್ನುತ್ತಾರೆ, ಸಂಸ್ಥೆ ಎಷ್ಟು ಕಾಲದಿಂದ ಅವರೊಂದಿಗೆ ನಿಂತಿದೆ ಎಂಬುದನ್ನು.

ಹಾಗೆಂದು ಖರ್ಚಿನ ಲೆಕ್ಕವನ್ನು ನೋಡಲೇಬೇಡಿ ಎನ್ನುತ್ತಿಲ್ಲ. ಅಮೆರಿಕದ ಕ್ಯಾನ್ಸರ್ ಫಂಡ್ ಆಫ್ ಅಮೆರಿಕ ಮತ್ತು ಅದರ ಸಂಬಂಧದ ಸಂಸ್ಥೆಗಳು ರೋಗಿಗಳ ಹೆಸರಿನಲ್ಲಿ 18.7 ಕೋಟಿ ಡಾಲರ್ ಎತ್ತಿ ದುರುಪಯೋಗ ಮಾಡಿವೆ ಎಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 50 ರಾಜ್ಯಗಳೊಡಗೂಡಿ 2015ರಲ್ಲಿ ಮೊಕದ್ದಮೆ ಹೂಡಿತು. ಹಣದ ಬಹುಪಾಲು ಹೋದದ್ದು ವಂತಿಗೆ ಎತ್ತುವ ಏಜೆನ್ಸಿಗಳಿಗೆ ಮತ್ತು ನಡೆಸುವವರ ಮನೆಮಂದಿಗೆ, ಬಂಧುಮಿತ್ರರಿಗೆ. ಇಂಥ ಅತಿರೇಕ ಖರ್ಚಿನ ಪಟ್ಟಿಯಲ್ಲೇ ಸಿಕ್ಕಿಬೀಳಬೇಕಿತ್ತು. ಆದರೆ ವಿದೇಶಗಳಿಗೆ ಕಳಿಸಿದೆವೆಂದ ದಾನವಸ್ತುಗಳಿಗೆ 22.3 ಕೋಟಿ ಡಾಲರ್ ಬೆಲೆ ಕಟ್ಟಿ, ಆದಾಯವನ್ನು ಉಬ್ಬಿಸಿ, ಆಡಳಿತ ಮತ್ತು ನಿಧಿಸಂಗ್ರಹದ ಪ್ರಮಾಣ ಚಿಕ್ಕದಾಗಿ ಕಾಣುವಂತೆ ಮಾಡಿದ್ದರೆಂಬುದೂ ಆರೋಪದಲ್ಲಿತ್ತು. ಮೋಸ ಮಾಡುವವರೇ ಕಡಿಮೆ ಶೇಕಡಾವಾರನ್ನು ಸುಲಭವಾಗಿ ಸೃಷ್ಟಿಸಬಲ್ಲರು.

ಆದ್ದರಿಂದ ಆಡಿಟ್ ಆದ ಲೆಕ್ಕಪತ್ರವನ್ನು ಟಿಪ್ಪಣಿಗಳ ಸಮೇತ ಮೂರು ವರ್ಷದ್ದು ತರಿಸಿಕೊಳ್ಳಿ. ಸ್ಥಾಪಕರಿಗೆ, ಧರ್ಮದರ್ಶಿಗಳಿಗೆ, ಅವರ ಬಂಧುಗಳಿಗೆ ಸಂಬಳ, ಬಾಡಿಗೆ, ಸಾಲದ ರೂಪದಲ್ಲಿ ಎಷ್ಟು ಹೋಗಿದೆ ಎಂಬುದನ್ನು ಮೊದಲು ನೋಡಿ. ಅವರಿಗೆ ಅನುಚಿತ ಲಾಭ ಹೋದರೆ ಸಂಸ್ಥೆಯ ತೆರಿಗೆ ವಿನಾಯಿತಿಗೇ ಕುತ್ತು. ನಿಧಿಸಂಗ್ರಹದ ಖರ್ಚು ವರ್ಷವರ್ಷವೂ ಏರುತ್ತ ಕೆಲಸ ಇದ್ದಷ್ಟೇ ಇದ್ದರೆ ಕಾರಣ ಕೇಳಿ. ಬ್ಯಾಂಕಿನಲ್ಲಿ ಒಂದಿಷ್ಟು ಹಣವಿದೆ ಎಂಬುದನ್ನು ಮಾತ್ರ ದೋಷವೆಂದು ಎಣಿಸಬೇಡಿ. ತೆರಿಗೆ ಕಾನೂನು ಆದಾಯದ ಶೇಕಡಾ 85ನ್ನು ಉದ್ದೇಶಕ್ಕೆ ಬಳಸಬೇಕೆಂದು ಹೇಳಿ ಉಳಿದ ಶೇಕಡಾ 15ನ್ನು ಉಳಿಸಿಕೊಳ್ಳಲು ಬಿಡುತ್ತದೆ. 2020ರ ಲಾಕ್‌ಡೌನ್ ಕಾಲದಲ್ಲಿ ವಂತಿಗೆ ನಿಂತಾಗ ಕಾರ್ಯಕರ್ತರನ್ನು ಉಳಿಸಿಕೊಳ್ಳಲು ನೆರವಾದದ್ದು ಇಂಥ ಉಳಿತಾಯವೇ. 80ಜಿ ಎಂದು ರೂಢಿಯಲ್ಲಿರುವ ನೋಂದಣಿ ನಿಮಗೆ ತೆರಿಗೆ ರಿಯಾಯಿತಿ ಕೊಡುತ್ತದೆಯೇ ಹೊರತು ಕೆಲಸದ ಗುಣಮಟ್ಟಕ್ಕೆ ಸರ್ಕಾರ ಕೊಟ್ಟ ಪ್ರಮಾಣಪತ್ರವಲ್ಲ.

ನೀವು ಬರೆದಿರುವಷ್ಟರಿಂದ ನನ್ನ ಒಲವು ಎರಡನೆಯ ಸಂಸ್ಥೆಯ ಕಡೆಗಿದೆ, ಆದರೆ ಕಲಿಕಾ ದಾಖಲೆಯನ್ನು ನೀವು ಕಣ್ಣಾರೆ ನೋಡಿದ ಮೇಲಷ್ಟೇ. ವಾರ್ಷಿಕೋತ್ಸವದ ದಿನ ಹೋಗದೆ ಮಕ್ಕಳ ಓದನ್ನು ಪರೀಕ್ಷಿಸುವ ದಿನ ಹೋಗಿ; ಒಂದು ಮಗು ಓದುವುದನ್ನು ಎರಡು ನಿಮಿಷ ಕೇಳಿದರೆ ನಿಮಗೆ ತಿಳಿಯುವಷ್ಟು ಯಾವ ಆಡಿಟರಿಗೂ ತಿಳಿಯುವುದಿಲ್ಲ. ತೃಪ್ತಿಯಾದರೆ ಹಣವನ್ನು ಇಂಥದ್ದಕ್ಕೇ ಬಳಸಬೇಕೆಂಬ ಷರತ್ತಿಲ್ಲದೆ, ಮೂರು ವರ್ಷ ಕೊಡುವುದಾಗಿ ಮೊದಲೇ ಬರೆದುಕೊಡಿ. ಮುಂದಿನ ವರ್ಷ ಹಣ ಬರುವುದು ಖಚಿತವಿದ್ದರೆ ಒಳ್ಳೆಯ ಶಿಕ್ಷಕಿಯನ್ನು ಸಂಸ್ಥೆ ಉಳಿಸಿಕೊಳ್ಳಬಲ್ಲದು.

ಮಗನ ವಿಷಯದಲ್ಲಿ ಒಂದು ಎಚ್ಚರಿಕೆ. ಅವರಿನ್ನೂ ಭಾರತದ ಪೌರರಾಗಿದ್ದು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಾಗುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆಯೇ. ಆಗ ಸಂಸ್ಥೆಗೆ ವಿದೇಶಿ ವಂತಿಗೆಯ ನೋಂದಣಿ ಚಾಲ್ತಿಯಲ್ಲಿರಬೇಕು ಮತ್ತು ಹಣ ಅದಕ್ಕೆಂದೇ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಬರಬೇಕು. ಸಂಸ್ಥೆಗೆ ಆ ನೋಂದಣಿ ಇಲ್ಲದಿದ್ದರೆ ಈ ವರ್ಷಕ್ಕೆ ನಿಮ್ಮ ಒಂದು ಲಕ್ಷವನ್ನು ಮಾತ್ರ ಕಳಿಸಿ.